ಹಲ್ಲಿನ ಸೆಟ್ ಬಾಳಿಕೆ ಬರಬೇಕಾದರೆ: ನಿಮ್ಮ ಪತ್ರಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕಟ್ಟಿಸಿದ ಹಲ್ಲಿನ ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳೇ ಈ ಸಲದ ಅಂಕಣವನ್ನು ಪೂರ್ತಿ ತುಂಬಿವೆ. ಹೆಚ್ಚಿನವರು "ದಯವಿಟ್ಟು ಹೆಸರು ಹಾಕಬೇಡಿ" ಎಂದು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಹಲ್ಲು ಕಟ್ಟುವುದೇ ನನ್ನ ಕೆಲಸ. ಹೊಸ ಸೆಟ್ ಮಾಡಿಕೊಡುವುದು, ಮುರಿದದ್ದನ್ನು ಜೋಡಿಸುವುದು, ಸಡಿಲವಾದದ್ದನ್ನು ಸರಿಮಾಡುವುದು. ಈ ಪತ್ರಗಳನ್ನು ಓದುವಾಗ ಒಂದು ವಿಷಯ ಎದ್ದು ಕಂಡಿತು. ಸೆಟ್ ಕೈಗೆ ಬಂದ ದಿನವೇ ಬಾಯಿಯ ಕೆಲಸ ಮುಗಿಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸೆಟ್ ಇದ್ದ ಹಾಗೇ ಇರುತ್ತದೆ, ನಿಜ. ಆದರೆ ಅದರ ಕೆಳಗಿರುವ ಒಸಡು, ಮೂಳೆ ವರ್ಷ ವರ್ಷವೂ ಬದಲಾಗುತ್ತಲೇ ಇರುತ್ತವೆ. ನಿಮ್ಮ ಅರ್ಧಕ್ಕರ್ಧ ಪ್ರಶ್ನೆಗಳ ಬೇರು ಇರುವುದು ಇಲ್ಲೇ.

ಪ್ರಶ್ನೆ: ಡಾಕ್ಟರೇ, ಮೇಲೆ ಕೆಳಗೆ ಪೂರ್ತಿ ಸೆಟ್ ಹಾಕಿಸಿ ಎರಡು ವರ್ಷವಾಯಿತು. ದಿನಾ ಎರಡು ಹೊತ್ತು ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜುತ್ತೇನೆ. ಆದರೂ ಹೊಳಪು ಹೋಗಿದೆ, ವಾಸನೆ ಬೇರೆ. ಇನ್ನೂ ಗಟ್ಟಿ ಬ್ರಷ್ ತೆಗೆದುಕೊಳ್ಳಲೇ?

ಉತ್ತರ: ಬೇಡಮ್ಮಾ. ಆ ಟೂತ್‌ಪೇಸ್ಟನ್ನೂ ಇವತ್ತೇ ನಿಲ್ಲಿಸಿ. ನಮ್ಮ ಸ್ವಂತ ಹಲ್ಲಿನ ಮೇಲಿರುವ ಎನಾಮಲ್ ಇಡೀ ದೇಹದಲ್ಲೇ ಅತಿ ಗಟ್ಟಿಯಾದ ಪದರ. ಟೂತ್‌ಪೇಸ್ಟ್ ಮಾಡಿರುವುದು ಅದಕ್ಕೆ. ಅದರಲ್ಲಿ ಉಜ್ಜಿ ತೆಗೆಯುವ ನುಣ್ಣನೆಯ ಪುಡಿ ಇರುತ್ತದೆ. ನಿಮ್ಮ ಸೆಟ್ ಆಗಿರುವುದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನಿಂದ. ಅದು ಎನಾಮಲ್‌ಗಿಂತ ಎಷ್ಟೋ ಮೆತ್ತಗೆ. ಪೇಸ್ಟ್ ಹಾಕಿ ಉಜ್ಜಿದ ಹಾಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳುತ್ತವೆ. ಹೊಳಪು ಹೋಗುವುದು ಹೀಗೆ. ಆ ಗೀರುಗಳಲ್ಲೇ ಬ್ಯಾಕ್ಟೀರಿಯಾ, ಫಂಗಸ್ ಕೂರುತ್ತವೆ. ವಾಸನೆ ಬರುವುದು ಅಲ್ಲಿಂದ. ನೀವು ಜಾಸ್ತಿ ಉಜ್ಜಿದಷ್ಟೂ ಅವಕ್ಕೆ ಜಾಗ ಜಾಸ್ತಿ. ಹಲ್ಲು ಬೆಳ್ಳಗಾಗಿಸುವ ಪೇಸ್ಟ್ ಅಂತೂ ಸೆಟ್ ಹತ್ತಿರ ಸುಳಿಯಲೇಬಾರದು.

ಹೇಗೆ ತೊಳೆಯಬೇಕು ಎಂದು ನಿಧಾನವಾಗಿ ಹೇಳುತ್ತೇನೆ. ಮೊದಲು ಸಿಂಕ್‌ಗೆ ಅರ್ಧ ನೀರು ತುಂಬಿಸಿ, ಇಲ್ಲವೇ ದಪ್ಪ ಟವೆಲ್ ಹಾಸಿ. ಸೋಪು ಹತ್ತಿದ ಕೈಯಿಂದ ಜಾರಿ, ಗಟ್ಟಿ ಸಿಂಕ್‌ಗೆ ಬಡಿದು ಎಷ್ಟೋ ಸೆಟ್ ಹಾಳಾಗುತ್ತವೆ. ನೀರಿಗೋ ಟವೆಲ್‌ಗೋ ಬಿದ್ದರೆ ಏನೂ ಆಗುವುದಿಲ್ಲ. ಆಮೇಲೆ ಮೆತ್ತನೆಯ ಬ್ರಷ್, ತಣ್ಣಗಿನ ಅಥವಾ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಕೈ ತೊಳೆಯುವ ಸೋಪು. ಇಷ್ಟೇ ಸಾಕು. ಸೆಟ್‌ಗೆಂದೇ ಬರುವ ಬ್ರಷ್ ಸಿಕ್ಕರೆ ಒಳ್ಳೆಯದು. ಅದರ ಒಂದು ಬದಿ ಅಗಲವಾಗಿಯೂ ಇನ್ನೊಂದು ಬದಿ ಮೂಲೆಗಳಿಗೆ ಹೋಗುವಂತೆ ಚಿಕ್ಕದಾಗಿಯೂ ಇರುತ್ತದೆ.

ಹಿಡಿಯುವ ಕ್ರಮವೂ ಮುಖ್ಯ. ಕೆಳಗಿನ ಸೆಟ್ ಕುದುರೆ ಲಾಳದ ಆಕಾರದಲ್ಲಿ ಇರುತ್ತದೆ ಅಲ್ವಾ? ಅದರ ಎರಡೂ ತುದಿಗಳನ್ನು ಅಂಗೈಯಲ್ಲಿ ಅದುಮಿ ಹಿಡಿದರೆ ನಡುವೆ ಬಿರುಕು ಬಿಡಬಹುದು. ಯಾವ ಬದಿ ತೊಳೆಯುತ್ತೀರೋ ಆ ಬದಿಯನ್ನೇ ಬೆರಳುಗಳ ನಡುವೆ ಹಿಡಿದುಕೊಳ್ಳಿ. ಹೊರಗೆ ಕಾಣುವ ಹಲ್ಲುಗಳನ್ನು ಎಲ್ಲರೂ ತೊಳೆಯುತ್ತಾರೆ. ಒಸಡಿಗೆ ಅಂಟಿ ಕೂರುವ ಒಳಮೈಯನ್ನು ಮಾತ್ರ ಮರೆಯುತ್ತಾರೆ. ಒಮ್ಮೆ ಒಳಮೈ ಮೇಲೆ ಬೆರಳಾಡಿಸಿ ನೋಡಿ. ಜಾರುವಂಥ ಪದರವೇನಾದರೂ ಕೈಗೆ ಹತ್ತಿದರೆ ಅದೇ ಪಾಚಿ. ಬೆರಳಿಗೆ ಹತ್ತುವುದು ನಿಂತಿತು ಎಂದಾದರೆ ಸರಿಯಾಗಿ ತೊಳೆದಿದ್ದೀರಿ.

ಊಟವಾದ ಮೇಲೆ ಪ್ರತಿ ಸಲ ತೆಗೆದು ಬರೀ ನೀರಿನಲ್ಲಿ ಜಾಲಾಡಿಸಿ. ಬ್ರಷ್ ಹಾಕಿ ತೊಳೆಯುವುದು ದಿನಕ್ಕೆ ಒಂದು ಸಲವಾದರೂ ಆಗಬೇಕು, ಅದರಲ್ಲೂ ಮಲಗುವ ಮೊದಲು. ಕುದಿಯುವ ನೀರು ಬೇಡವೇ ಬೇಡ. "ಕ್ರಿಮಿ ಸಾಯಲಿ" ಎಂದು ಬಿಸಿನೀರಿಗೆ ಹಾಕಿದ ಸೆಟ್ ಸೊಟ್ಟಗಾಗುತ್ತದೆ. ಹಾಗೆ ಒಮ್ಮೆ ಆಕಾರ ಕೆಟ್ಟಿತೆಂದರೆ ಅದನ್ನು ಮೊದಲಿನಂತೆ ಮಾಡುವುದು ಯಾರ ಕೈಯಲ್ಲೂ ಆಗುವುದಿಲ್ಲ.

ಇನ್ನೊಂದು ಮಾತು. ಸೆಟ್ ತೆಗೆದಾಗ ಬಾಯಿಯನ್ನೂ ತೊಳೆಯಿರಿ. ಒಸಡು, ಅಂಗುಳ, ನಾಲಿಗೆ ಮೂರನ್ನೂ ಮೆತ್ತನೆಯ ಬ್ರಷ್‌ನಿಂದಲೋ ಒದ್ದೆ ಬಟ್ಟೆಯಿಂದಲೋ ಹಗುರವಾಗಿ ಒರೆಸಿ. ಹಲ್ಲಿಲ್ಲದ ಬಾಯಿಗೂ ಬ್ರಷ್ ಬೇಕು.

ಪ್ರಶ್ನೆ: ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಹಲ್ಲಿಲ್ಲದ ನನ್ನ ಮುಖವನ್ನು ನಮ್ಮ ಯಜಮಾನರು ಇವತ್ತಿನವರೆಗೂ ನೋಡಿಲ್ಲ. ರಾತ್ರಿಯೂ ಸೆಟ್ ಹಾಕಿಕೊಂಡೇ ಮಲಗುತ್ತೇನೆ. ನೋವಿಲ್ಲ, ಏನೂ ತೊಂದರೆಯಿಲ್ಲ. ಹೀಗೇ ಮುಂದುವರಿಸಬಹುದೇ?

ಉತ್ತರ: ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಇದನ್ನೇ ಬಾಗಿಲು ಮುಚ್ಚಿದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ನೀವೊಬ್ಬರೇ ಅಲ್ಲ. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡಾಗ ಜಾರ್ಜ್ ವಾಷಿಂಗ್ಟನ್ ಅವರ ಬಾಯಲ್ಲಿ ಸ್ವಂತ ಹಲ್ಲು ಅಂತ ಇದ್ದದ್ದು ಒಂದೇ ಒಂದು. ಕಟ್ಟಿಸಿಕೊಂಡ ಹಲ್ಲು ತುಟಿಯನ್ನು ಮುಂದಕ್ಕೆ ತಳ್ಳಿ ಮುಖ ಕೆಡಿಸುತ್ತದೆ ಎಂದು ಅವರೂ ತಮ್ಮ ದಂತವೈದ್ಯರಿಗೆ ಕಾಗದ ಬರೆದು ಕೊರಗಿದ್ದರು. ಈ ಸಂಕೋಚ ಯಾರನ್ನೂ ಬಿಟ್ಟಿಲ್ಲ.

ಆದರೆ ರಾತ್ರಿ ಸೆಟ್ ಹಾಕಿಕೊಂಡು ಮಲಗಬೇಡಿ. ನೋವಿಲ್ಲ ಎಂದಿರಿ. ಇಲ್ಲೇ ಮೋಸ ಹೋಗುವುದು. ಸೆಟ್ ಕೆಳಗಿನ ಅಂಗುಳ ಹಗಲೆಲ್ಲ ಮುಚ್ಚಿಕೊಂಡೇ ಇರುತ್ತದೆ. ಎಂಜಲು ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ನಿದ್ದೆಯಲ್ಲಿ ಎಂಜಲು ಸುರಿಯುವುದೇ ಕಡಿಮೆ. ಕ್ಯಾಂಡಿಡಾ ಎಂಬ ಫಂಗಸ್‌ಗೆ ಬೆಚ್ಚಗಿನ, ಒದ್ದೆಯಾದ, ಯಾರೂ ಮುಟ್ಟದ ಇಂಥ ಜಾಗವೇ ಬೇಕು. ಅಂಗುಳ ಕೆಂಪಗಾಗುತ್ತದೆ. ಸೆಟ್ ಎಲ್ಲಿಯವರೆಗೆ ಕೂರುತ್ತದೋ ಸರಿಯಾಗಿ ಅಲ್ಲಿಯವರೆಗೆ ಕೆಂಪು, ಆಚೆಗೆ ಮಾಮೂಲಿ ಬಣ್ಣ. ಹೆಚ್ಚಿನವರಿಗೆ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ಕೆಲವರಿಗೆ ಬಾಯಿಯ ಮೂಲೆಗಳು ಒಡೆದು ಹುಣ್ಣಾಗುತ್ತವೆ. ಇವತ್ತು ಕನ್ನಡಿ ಮುಂದೆ ನಿಂತು, ಟಾರ್ಚ್ ಹಿಡಿದು ನಿಮ್ಮ ಅಂಗುಳವನ್ನು ಒಮ್ಮೆ ನೋಡಿಕೊಳ್ಳಿ. ಕೆಂಪು ಕಂಡರೆ ವೈದ್ಯರ ಹತ್ತಿರ ಹೋಗಿ. ಔಷಧಿ ಇದೆ, ವಾಸಿಯಾಗುತ್ತದೆ. ಆದರೆ ಬಾಯಿಗೆ ಮಾತ್ರ ಔಷಧಿ ಹಾಕಿ ಸೆಟ್ ಅನ್ನು ಹಾಗೇ ಬಿಟ್ಟರೆ ಅದರಿಂದಲೇ ಮತ್ತೆ ಹತ್ತಿಕೊಳ್ಳುತ್ತದೆ.

ವಯಸ್ಸಾದವರಿಗೆ ಇನ್ನೂ ದೊಡ್ಡ ಕಾರಣವೊಂದಿದೆ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸೆಟ್ ಹಾಕಿಕೊಂಡು ಮಲಗುವವರಲ್ಲಿ ನ್ಯುಮೋನಿಯಾ ಬರುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಬಾಯಿಯ ಕೊಳೆ ನಿದ್ದೆಯಲ್ಲಿ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ನಾವು ಇಷ್ಟು ಒತ್ತಿ ಹೇಳುವುದು.

ನಿಮ್ಮ ಯಜಮಾನರಿಗೆ ಹೇಳಿ ಎಂದು ಬಲವಂತ ಮಾಡುವವಳು ನಾನಲ್ಲ. ಹೇಳಿದರೆ ಅವರು ಅದನ್ನು ದೊಡ್ಡದು ಮಾಡಲಿಕ್ಕಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ, ಅಷ್ಟೇ. ಅಲ್ಲಿಯವರೆಗೆ ಒಂದು ದಾರಿ ಇದೆ. ರಾತ್ರಿ ಆಗದಿದ್ದರೆ ಹಗಲಿನಲ್ಲಿ, ಮನೆಯಲ್ಲಿ ನೀವೊಬ್ಬರೇ ಇರುವ ನಾಲ್ಕಾರು ಗಂಟೆ ಸೆಟ್ ತೆಗೆದು ನೀರಿನಲ್ಲಿಡಿ. ಅಂಗುಳಕ್ಕೆ ಬಿಡುವು ಸಿಗುತ್ತದೆ. ಇದು ರಾತ್ರಿ ತೆಗೆದಿಡುವುದಕ್ಕೆ ಸಮ ಅಲ್ಲ, ಆದರೆ ಏನೂ ಮಾಡದೆ ಇರುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಸೆಟ್ ಮೇಲೆ ಕಂದು ಕಲೆ, ಹಿಂಭಾಗದಲ್ಲಿ ಸುಣ್ಣದಂಥ ಗಟ್ಟಿ ಪದರ. ಬ್ಲೀಚ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಹೋಗುತ್ತದೆ ಎಂದು ಯಾರೋ ಹೇಳಿದರು.

ಉತ್ತರ: ಕಲೆಯ ಜೊತೆಗೆ ಸೆಟ್‌ನ ಗುಲಾಬಿ ಬಣ್ಣವೂ ಹೋಗುತ್ತದೆ. ಬ್ಲೀಚ್ ಸೋಂಕು ಕೊಲ್ಲುವುದು ನಿಜ. ಆದರೆ ಅದನ್ನು ತೆಳುಮಾಡಿ ಬಳಸಬೇಕು, 10 ನಿಮಿಷ ದಾಟಬಾರದು, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಅದೂ ನಿಮ್ಮ ವೈದ್ಯರು ಎಷ್ಟು ತೆಳು ಎಂದು ಹೇಳಿಕೊಟ್ಟ ಮೇಲೆ. ಸೆಟ್‌ನಲ್ಲಿ ಎಲ್ಲಾದರೂ ಲೋಹವಿದ್ದರೆ ಬ್ಲೀಚ್ ಮುಟ್ಟಿಸಲೇಬೇಡಿ, ಲೋಹ ಕಪ್ಪಾಗಿ ತಿಂದುಹೋಗುತ್ತದೆ.

ಆ ಸುಣ್ಣದಂಥ ಪದರಕ್ಕೆ ವಿನೆಗರ್ ಒಳ್ಳೆಯದು. ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಾದ ಮೇಲೆ ಬ್ರಷ್ ಹಾಕಿ. ಇದೂ ಲೋಹವಿಲ್ಲದ ಸೆಟ್‌ಗೆ ಮಾತ್ರ. ಚಾಕು, ಸೂಜಿಯಿಂದ ಕೆರೆಯಬೇಡಿ. ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಅದು ವಿಷ. ಒಂದೇ ಲೋಟದಲ್ಲಿ ಒಂದಾದ ಮೇಲೆ ಒಂದರಂತೆಯೂ ಹಾಕಬೇಡಿ. ಇಷ್ಟಕ್ಕೂ ಹೋಗದಿದ್ದರೆ ದಂತವೈದ್ಯರ ಬಳಿ ಅಲ್ಟ್ರಾಸಾನಿಕ್ ಯಂತ್ರ ಇರುತ್ತದೆ. ಅದರಲ್ಲಿ ಸೆಟ್‌ಗೆ ಗೀರು ಬೀಳದ ಹಾಗೆ ಪದರ ಬಿಡಿಸಬಹುದು.

ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆಗಳ ಬಗ್ಗೆಯೂ ಹಲವರು ಕೇಳಿದ್ದೀರಿ. ಬಳಸಿ, ಒಳ್ಳೆಯದೇ. ಆದರೆ ಅದು ಬ್ರಷ್‌ಗೆ ಬದಲಿ ಅಲ್ಲ. ಪಾಚಿಯನ್ನು ಉಜ್ಜಿ ತೆಗೆದ ಮೇಲೆ ಮಾತ್ರೆ ತನ್ನ ಕೆಲಸ ಮಾಡುತ್ತದೆ. ನೆನೆಸಿದ ಸೆಟ್ ಅನ್ನು ಚೆನ್ನಾಗಿ ತೊಳೆಯದೆ ಬಾಯಿಗೆ ಹಾಕಬೇಡಿ. ಆ ನೀರಿನಲ್ಲಿ ಬಾಯಿ ಮುಕ್ಕಳಿಸಲೂಬೇಡಿ. ಬಹಳಷ್ಟು ಮಾತ್ರೆಗಳಲ್ಲಿ ಪರ್ಸಲ್ಫೇಟ್ ಇರುತ್ತದೆ. ಕೆಲವರಿಗೆ ಅದು ಅಲರ್ಜಿ. ಒಸಡು ಊದಿದರೆ, ಮೈ ಕಡಿತ ಬಂದರೆ, ಉಸಿರಿಗೆ ತೊಂದರೆಯಾದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ನೋಡಿ.

ಪ್ರಶ್ನೆ: ಮೊದಲೆಲ್ಲ ಸೆಟ್ ಗಟ್ಟಿಯಾಗಿ ಕೂರುತ್ತಿತ್ತು. ಈಗ ಕೆಳಗಿನದು ಮಾತಾಡುವಾಗಲೇ ಏಳುತ್ತದೆ. ಅಂಟು ಹಾಕಿಯೇ ದಿನ ದೂಡುತ್ತಿದ್ದೇನೆ. ವಾರಕ್ಕೊಂದು ಟ್ಯೂಬ್ ಖಾಲಿಯಾಗುತ್ತದೆ. ಇನ್ನೂ ಗಟ್ಟಿ ಹಿಡಿಯುವ ಅಂಟು ಯಾವುದು?

ಉತ್ತರ: ಸ್ವಾಮಿ, ನಿಮಗೆ ಬೇಕಾದ್ದು ಅಂಟಲ್ಲ. ನಿಮ್ಮ ಸೆಟ್‌ಗೂ ದವಡೆಗೂ ನಡುವೆ ಜಾಗ ಬಿದ್ದಿದೆ. ಆ ಜಾಗವನ್ನು ನೀವು ಅಂಟಿನಿಂದ ತುಂಬಿಸುತ್ತಿದ್ದೀರಿ.

ಹಲ್ಲಿನ ಬೇರು ಇದ್ದಷ್ಟು ದಿನ ದವಡೆಯ ಮೂಳೆಗೆ ಕೆಲಸವಿರುತ್ತದೆ. ಹಲ್ಲು ಕೀಳಿಸಿದ ಮೇಲೆ ಆ ಮೂಳೆಯ ದಿಣ್ಣೆ ಕರಗಲು ಶುರುವಾಗುತ್ತದೆ. ಮೊದಲ ವರ್ಷದಲ್ಲಿ ಜಾಸ್ತಿ, ಆಮೇಲೆ ನಿಧಾನವಾಗಿ. ಪೂರ್ತಿ ನಿಲ್ಲುವುದು ಮಾತ್ರ ಇಲ್ಲ. ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ ಹಾಕಿದವರ ದವಡೆಗಳನ್ನು 25 ವರ್ಷಗಳ ಕಾಲ ಅಳೆದು 1972ರಲ್ಲಿ ಪ್ರಕಟಿಸಿದರು. ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗಿತ್ತು. ನಿಮಗೆ ಕೆಳಗಿನದೇ ಏಳುತ್ತಿರುವುದು ಇದೇ ಕಾರಣಕ್ಕೆ. ಮೇಲಿನ ಸೆಟ್ ಅಂಗುಳವನ್ನೆಲ್ಲ ಆವರಿಸಿ, ಎಂಜಲಿನ ತೆಳು ಪದರದ ಮೇಲೆ ಹೀರಿಕೊಂಡು ಕೂರುತ್ತದೆ. ಕೆಳಗಿನದಕ್ಕೆ ಆ ಅನುಕೂಲ ಇಲ್ಲ. ಕೂರಲು ಜಾಗ ಕಡಿಮೆ, ಪಕ್ಕದಲ್ಲೇ ಓಡಾಡುವ ನಾಲಿಗೆ.

ಇದಕ್ಕೆ ಮದ್ದು ರೀಲೈನಿಂಗ್. ಅಂದರೆ ಈಗ ಇರುವ ದವಡೆಯ ಅಚ್ಚನ್ನು ನಿಮ್ಮ ಸೆಟ್‌ನ ಒಳಗೇ ತೆಗೆದು, ಒಳಮೈಗೆ ಹೊಸ ಅಕ್ರಿಲಿಕ್ ಪದರ ಕೊಡುವುದು. ಹಲ್ಲುಗಳು ಅವೇ, ಮುಖದ ಚಹರೆಯೂ ಅದೇ. ಒಳಗಿನ ಹಿಡಿತ ಮಾತ್ರ ಹೊಸದು. ಹಲ್ಲು ಕಿತ್ತ ದಿನವೇ ಸೆಟ್ ಹಾಕಿಸಿಕೊಂಡವರಿಗೆ ಇದು ಕೆಲವೇ ತಿಂಗಳಲ್ಲಿ ಬೇಕಾಗುತ್ತದೆ. ಸೆಟ್ ಅಲುಗಾಡುತ್ತಿದ್ದರೂ ಹಾಗೇ ಹಾಕಿಕೊಂಡಿದ್ದರೆ ಅದು ಒಸಡನ್ನು ಉಜ್ಜುತ್ತದೆ, ಅಂಚು ತಾಗುವ ಕಡೆ ಮಾಂಸ ಮಡಿಕೆಯಾಗಿ ಬೆಳೆಯುತ್ತದೆ. ಆಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗಬಹುದು.

ಅಂಟನ್ನು ಬಳಸಲೇಬಾರದು ಎಂದಲ್ಲ. ಚೆನ್ನಾಗಿ ಕೂರುವ ಸೆಟ್‌ಗೆ ಸ್ವಲ್ಪ ಧೈರ್ಯಕ್ಕೆ ಅಂತ ಹಾಕಿಕೊಳ್ಳಬಹುದು. ತೊಳೆದ ಸೆಟ್‌ನ ಒಳಮೈ ಮೇಲೆ ಬಟಾಣಿ ಕಾಳಿನಷ್ಟು ಮೂರು ನಾಲ್ಕು ಕಡೆ ಇಟ್ಟರೆ ಮುಗಿಯಿತು. ಬಾಯಿಗೆ ಹಾಕಿದಾಗ ಅಂಚಿನಿಂದ ಹೊರಗೆ ಬಂದರೆ ಜಾಸ್ತಿಯಾಯಿತು ಎಂದರ್ಥ. ರಾತ್ರಿ ಸೆಟ್‌ನಿಂದಲೂ ಒಸಡಿನಿಂದಲೂ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಬೆಚ್ಚಗಿನ ನೀರು, ಒದ್ದೆ ಬಟ್ಟೆ ಸಾಕು. ಈ ಲೆಕ್ಕದಲ್ಲಿ ಸುಮಾರು 68 ಗ್ರಾಂನ ಟ್ಯೂಬ್ 7-8 ವಾರ ಬರಬೇಕು. ನಿಮ್ಮದು ವಾರಕ್ಕೇ ಮುಗಿಯುತ್ತಿದೆ.

ನನಗೆ ಚಿಂತೆ ಇರುವುದು ಅಲ್ಲೇ. ಕೆಲವು ಅಂಟುಗಳಲ್ಲಿ ಸತು ಇರುತ್ತದೆ. ಅತಿಯಾಗಿ ಹೊಟ್ಟೆಗೆ ಹೋದರೆ ದೇಹದಲ್ಲಿ ತಾಮ್ರದ ಅಂಶ ಕುಸಿಯುತ್ತದೆ, ನರಗಳು ಸೋಲುತ್ತವೆ. ವಾರಕ್ಕೆ ಎರಡು ಟ್ಯೂಬ್, ಇನ್ನೂ ಜಾಸ್ತಿ ಬಳಸುತ್ತಿದ್ದವರಲ್ಲಿ ಹೀಗಾದದ್ದನ್ನು 2008ರಲ್ಲಿ ನರರೋಗ ತಜ್ಞರು ವರದಿ ಮಾಡಿದ್ದಾರೆ. ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ಸಮತೋಲ ತಪ್ಪುವುದು ಇದೆಯೇ? ಇದ್ದರೆ ಈ ವಾರವೇ ವೈದ್ಯರನ್ನು ಕಾಣಿ, ಅಂಟಿನ ವಿಷಯವನ್ನು ತಪ್ಪದೆ ಹೇಳಿ. ಕೊಳ್ಳುವಾಗ ಸತು ಇಲ್ಲದ ಅಂಟನ್ನೇ ಕೇಳಿ.

ಪ್ರಶ್ನೆ: ಮೇಲಿನ ಸೆಟ್ ಊಟ ಮಾಡುವಾಗ ಸರಿಯಾಗಿ ನಡುವೆ ಎರಡು ಹೋಳಾಯಿತು. ಮಗ ಮನೆಯಲ್ಲಿದ್ದ ಸೂಪರ್ ಗ್ಲೂ ಹಾಕಿ ಅಂಟಿಸಿದ. ನೋಡಲು ಚೆನ್ನಾಗಿದೆ, ಆದರೆ ಹಾಕಿಕೊಂಡರೆ ಒತ್ತುತ್ತದೆ. ಯಾಕೆ?

ಉತ್ತರ: ನಿಮ್ಮ ಮಗ ಪ್ರೀತಿಯಿಂದ ಮಾಡಿದ್ದಾನೆ. ಆದರೆ ದಯವಿಟ್ಟು ಇದನ್ನು ಓದುತ್ತಿರುವ ಯಾರೂ ಹಾಗೆ ಮಾಡಬೇಡಿ.

ಮುರಿದ ಸೆಟ್‌ನ ಎರಡು ಹೋಳು ಕೈಗೆ ಬಂದಾಗ ನಾನು ಮೊದಲು ನೋಡುವುದು ಮುರಿದ ಅಂಚನ್ನು. ಅದು ನುಣ್ಣಗಿರುವುದಿಲ್ಲ, ಸಣ್ಣ ಸಣ್ಣ ಉಬ್ಬು ತಗ್ಗು ಇರುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂತರೆ 'ಟಕ್' ಎಂದು ಸರಿಯಾಗಿ ಸೇರುತ್ತದೆ, ಉಗುರು ಆಡಿಸಿದರೂ ಗೀಟು ಹತ್ತುವುದಿಲ್ಲ. ಆ ಸ್ಥಿತಿಯಲ್ಲಿ ಮೇಣ ಹಾಕಿ ನಿಲ್ಲಿಸಿ, ಒಳಮೈಗೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿಕೊಳ್ಳುತ್ತೇನೆ. ಆಮೇಲೆ ಮುರಿದ ಗೆರೆಯ ಉದ್ದಕ್ಕೂ ಸ್ವಲ್ಪ ಅಗಲವಾಗಿ ಕೊರೆದು, ಆ ಜಾಗಕ್ಕೆ ಹೊಸ ಅಕ್ರಿಲಿಕ್ ತುಂಬಿಸಿ, ಗಟ್ಟಿಯಾದ ಮೇಲೆ ಉಜ್ಜಿ ಹೊಳಪು ಕೊಡುತ್ತೇನೆ. ಇಷ್ಟೂ ಕೆಲಸ ನಿಂತಿರುವುದು ಆ ಮೊದಲ 'ಟಕ್' ಮೇಲೆ. ಗ್ಲೂ ಹಾಕಿದರೆ ಅಂಚಿನ ಸಣ್ಣ ತಗ್ಗುಗಳಲ್ಲಿ ಅದು ಕೂತು ಗಟ್ಟಿಯಾಗುತ್ತದೆ. ಹೋಳುಗಳು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಸೇರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಒಸಡಿಗೆ ಮಾತ್ರ ಗೊತ್ತಾಗುತ್ತದೆ. ನಿಮಗೆ ಒತ್ತುತ್ತಿರುವುದು ಅದೇ. ಅಲ್ಲದೆ ಆ ಗ್ಲೂ ಬಾಯೊಳಗೆ ಇಟ್ಟುಕೊಳ್ಳುವ ವಸ್ತುವೂ ಅಲ್ಲ. ಸೆಟ್ ಹಾಕುವುದನ್ನು ನಿಲ್ಲಿಸಿ, ಈಗಿರುವ ಹಾಗೇ ವೈದ್ಯರಿಗೆ ಕೊಡಿ. ಏನು ಹಾಕಿ ಅಂಟಿಸಿದಿರಿ ಎಂದೂ ಹೇಳಿ.

ನಡುವೆಯೇ ಯಾಕೆ ಮುರಿಯಿತು ಎನ್ನುವುದು ಇನ್ನೂ ಮುಖ್ಯ. ಮೂಳೆ ಕರಗಿದಾಗ ಮೇಲಿನ ಸೆಟ್ ಅಂಗುಳದ ನಡುವಿನ ಗಟ್ಟಿ ದಿಂಡಿನ ಮೇಲೆ ನಿಂತು ಎರಡೂ ಕಡೆ ಬಾಗಲು ಶುರುವಾಗುತ್ತದೆ. ಪ್ರತಿ ತುತ್ತಿಗೂ ಸ್ವಲ್ಪ ಸ್ವಲ್ಪವೇ ಬಾಗಿ ಬಾಗಿ ಒಂದು ದಿನ ಬಿರುಕು ಬಿಡುತ್ತದೆ. ಬರೀ ಜೋಡಿಸಿದರೆ ಮತ್ತೆ ಅಲ್ಲೇ ಮುರಿಯುತ್ತದೆ. ಜೋಡಿಸುವಾಗಲೇ "ರೀಲೈನಿಂಗ್ ಬೇಕಾ, ನೋಡಿ" ಎಂದು ಕೇಳಿ.

ಸೆಟ್ ಮುರಿದಾಗ ಪ್ರತಿ ಚೂರನ್ನೂ ಹುಡುಕಿ ಎತ್ತಿಡಿ. ಒಂದು ಚೂರು ಸಿಗದಿದ್ದರೆ, ನುಂಗಿರಬಹುದು ಎಂಬ ಅನುಮಾನವಿದ್ದರೆ ಆಸ್ಪತ್ರೆಗೆ ಹೋಗಿ. ಅಕ್ರಿಲಿಕ್ ಮಾಮೂಲಿ ಎಕ್ಸ್-ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸೆಟ್ ಚೂರು ಎಂದು ಬಾಯಿಬಿಟ್ಟು ಹೇಳಲೇಬೇಕು. ಉಳಿದ ಚೂರುಗಳನ್ನೂ ತೋರಿಸಿ.

ಪ್ರಶ್ನೆ: ಹೊಸ ಸೆಟ್ ಹಾಕಿ ವಾರವಾಗಿಲ್ಲ. ಬಾಯಿ ತುಂಬ ಜೊಲ್ಲು, ಮಾತು ತೊದಲುತ್ತದೆ, ಒಂದು ಕಡೆ ಹುಣ್ಣು. ಒತ್ತುವ ಜಾಗವನ್ನು ಉಪ್ಪು ಕಾಗದದಲ್ಲಿ ತೀಡಿಕೊಳ್ಳಬಹುದೇ? ಇಲ್ಲ, ಡ್ರಾಯರ್‌ನಲ್ಲಿ ಎತ್ತಿಡಲೇ?

ಉತ್ತರ: ಎರಡೂ ಬೇಡ. ಜೊಲ್ಲು ಜಾಸ್ತಿಯಾಗುವುದು ಸಹಜ. ಬಾಯಿಗೆ ಏನೋ ಬಂದಿದೆ ಎಂದು ಗ್ರಂಥಿಗಳು ಎಂಜಲು ಸುರಿಸುತ್ತವೆ. ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಮಾತಿಗೆ ಗಟ್ಟಿಯಾಗಿ ಓದುವುದೇ ಅಭ್ಯಾಸ. ಯಾವ ಶಬ್ದ ತೊದಲುತ್ತದೋ ಅದನ್ನೇ ನಿಧಾನವಾಗಿ ಮತ್ತೆ ಮತ್ತೆ ಹೇಳಿ. ಮೆತ್ತನೆಯದನ್ನು ಸಣ್ಣ ತುತ್ತು ಮಾಡಿ, ಎರಡೂ ದವಡೆಗೆ ಹಂಚಿ ಒಟ್ಟಿಗೆ ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವುದನ್ನು ಸದ್ಯಕ್ಕೆ ಬಿಡಿ. ಬಿಸಿ ಪಾನೀಯವನ್ನು ತುಟಿಗೆ ತಾಗಿಸಿ ನೋಡಿಯೇ ಕುಡಿಯಿರಿ. ಅಂಗುಳ ಮುಚ್ಚಿರುವುದರಿಂದ ಬಿಸಿ ತಡವಾಗಿ ತಿಳಿಯುತ್ತದೆ.

ಹುಣ್ಣಿನ ಜಾಗ ಎಲ್ಲಿ ಎಂದು ನಿಮಗೆ ಗೊತ್ತು. ಸೆಟ್‌ನಲ್ಲಿ ಅದಕ್ಕೆ ಸರಿಯಾದ ಜಾಗ ಯಾವುದು ಎಂದು ಅಂದಾಜಿನಲ್ಲಿ ಹೇಳಲು ನನಗೂ ಆಗುವುದಿಲ್ಲ. ಅದಕ್ಕೇ ಗುರುತು ಮೂಡಿಸುವ ಪೇಸ್ಟ್ ಹಚ್ಚಿ ನೋಡುತ್ತೇವೆ. ಉಪ್ಪು ಕಾಗದದಲ್ಲಿ ತೀಡಿದರೆ ತಪ್ಪು ಜಾಗ ಹೋಗುತ್ತದೆ. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ. ಹುಣ್ಣು ತೀರಾ ನೋಯುತ್ತಿದ್ದರೆ ಸೆಟ್ ತೆಗೆದಿಡಿ. ಆದರೆ ವೈದ್ಯರ ಹತ್ತಿರ ಹೋಗುವ ದಿನ ಕೆಲವು ಗಂಟೆ ಮೊದಲು ಹಾಕಿಕೊಂಡೇ ಹೋಗಿ. ಕೆಂಪು ಗುರುತು ಕಂಡರೆ ತೀಡುವ ಜಾಗ ಗೊತ್ತಾಗುತ್ತದೆ. ಹೊಸ ಸೆಟ್ ಕೊಟ್ಟ ಮೇಲೆ ಎರಡು ಮೂರು ಸಲ ಹೀಗೆ ತೀಡುವುದು ನಮ್ಮ ಕೆಲಸದ ಭಾಗವೇ. ಮತ್ತೆ ಮತ್ತೆ ಹೋಗಲು ಸಂಕೋಚ ಬೇಡ.

ಪ್ರಶ್ನೆ: ನನ್ನದು ಪೂರ್ತಿ ಸೆಟ್ ಅಲ್ಲ, ನಾಲ್ಕು ಹಲ್ಲಿನದು, ತಂತಿ ಕೊಂಡಿ ಇದೆ. ಕೊಂಡಿ ಸಡಿಲವಾಗಿದೆ. ಪಕ್ಕದ ಸ್ವಂತ ಹಲ್ಲೂ ಜುಂ ಎನ್ನುತ್ತದೆ.

ಉತ್ತರ: ಕಚ್ಚಿ ಕೂರಿಸುತ್ತೀರಾ? ಹಾಗೆ ಮಾಡಿದರೆ ಕೊಂಡಿ ಬಾಗುತ್ತದೆ. ಬೆರಳಿನಿಂದ ಒತ್ತಿ ಕೂರಿಸಿ. ತೆಗೆಯುವಾಗ ಒಂದೇ ಕೊಂಡಿ ಹಿಡಿದು ಎಳೆಯಬೇಡಿ, ಎರಡೂ ಕಡೆ ಒಟ್ಟಿಗೆ ಎತ್ತಿ. ಇಕ್ಕಳ ಹಾಕಿ ಬಿಗಿ ಮಾಡಲು ಹೋಗಬೇಡಿ, ತಂತಿ ತುಂಡಾಗುತ್ತದೆ. ಜುಂ ಎನ್ನುವ ಹಲ್ಲನ್ನು ಬೇಗ ತೋರಿಸಿ. ಕೊಂಡಿ ಕೂರುವ ಹಲ್ಲಿನ ಸುತ್ತ ಪಾಚಿ ನಿಂತು ಹುಳುಕು ಹಿಡಿಯುವುದು ಜಾಸ್ತಿ. ಸೆಟ್ ನಿಂತಿರುವುದೇ ಆ ಹಲ್ಲಿನ ಮೇಲೆ. ಅದು ಹೋದರೆ ಸೆಟ್ ಕೂಡ ಹೋದಂತೆ. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ನಿಮಗೆ ಬೇಕು, ಸ್ವಂತ ಹಲ್ಲಿಗೆ ಮಾತ್ರ. ಸೆಟ್ ತೆಗೆದು ಉಜ್ಜಿ.

ಪ್ರಶ್ನೆ: ನಮ್ಮ ಮಾವನವರಿಗೆ ಆಪರೇಷನ್ ಇದೆ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಅವರ ಸೆಟ್ ಕಳೆದುಹೋಗಿತ್ತು. ಈ ಸಲ ಏನು ಮಾಡಲಿ?

ಉತ್ತರ: ಕಳೆಯುವುದಕ್ಕಿಂತ ದೊಡ್ಡ ಅಪಾಯದ ಬಗ್ಗೆ ಮೊದಲು ಹೇಳುತ್ತೇನೆ. ಅರಿವಳಿಕೆ ಕೊಡುವ ವೈದ್ಯರಿಗೆ "ಇವರಿಗೆ ಸೆಟ್ ಇದೆ" ಎಂದು ನೀವೇ ಹೇಳಿ. ಬ್ರಿಟನ್‌ನಲ್ಲಿ 72 ವರ್ಷದ ಒಬ್ಬರಿಗೆ ಹೊಟ್ಟೆಯ ಗಂಟು ತೆಗೆಯುವ ಸಣ್ಣ ಆಪರೇಷನ್ ಆಗಿತ್ತು. ಆಮೇಲೆ ಗಂಟಲು ನೋವು, ರಕ್ತ, ನುಂಗಲು ಆಗುತ್ತಿರಲಿಲ್ಲ. ಎಂಟು ದಿನದ ನಂತರ ನೋಡಿದರೆ ಅವರ ಮೂರು ಹಲ್ಲಿನ ಸೆಟ್ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಲ್ಲಿ ಕಳೆದುಹೋಯಿತು ಎಂದೇ ಅವರು ತಿಳಿದಿದ್ದರು. 2019ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು.

ಇನ್ನು ಕಳೆಯದಂತೆ ಮಾಡುವುದು. ಸೆಟ್‌ನ ಒಳಗೆ ಹೆಸರು ಹಾಕಿಸಬಹುದು. ಕಾಗದದ ಚೂರಿನಲ್ಲಿ ಹೆಸರು ಬರೆದು ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಕಿ ಮುಚ್ಚುತ್ತೇವೆ. ಸಣ್ಣ ಕೆಲಸ, ಆಪರೇಷನ್‌ಗೆ ಮೊದಲೇ ಮಾಡಿಸಿಕೊಳ್ಳಿ. ಮುಚ್ಚಳವಿರುವ ಡಬ್ಬಿಯ ಮೇಲೂ ಹೆಸರು ಬರೆಯಿರಿ. ಟಿಶ್ಯೂ ಕಾಗದದಲ್ಲಿ ಮಾತ್ರ ಸುತ್ತಿಡಬೇಡಿ. ಕಸ ಎಂದು ಯಾರಾದರೂ ಎಸೆದುಬಿಡುತ್ತಾರೆ, ಅವರದೇನೂ ತಪ್ಪಿರುವುದಿಲ್ಲ. ಆಪರೇಷನ್ ಮುಗಿದು ಪೂರ್ತಿ ಎಚ್ಚರವಾದ ಮೇಲೆ, ವೈದ್ಯರು ಹೇಳಿದಾಗ ಹಾಕಿಸಿ. ಸೆಟ್ ಇಲ್ಲದೆ ಮಾತಾಡಲು ಹಿರಿಯರಿಗೆ ಕಷ್ಟ, ಮುಜುಗರವೂ ಹೌದು. ಎಚ್ಚರವಾದ ಕೂಡಲೇ ಅವರು ಕೇಳುವುದು ಅದನ್ನೇ ಇರಬಹುದು. ಡಬ್ಬಿ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ಬಾಯಲ್ಲಿ ಒಂದೂ ಹಲ್ಲಿಲ್ಲ, ನೋವೂ ಇಲ್ಲ. ಹನ್ನೆರಡು ವರ್ಷದ ಸೆಟ್ ಇನ್ನೂ ಗಟ್ಟಿಯಾಗಿದೆ. ದಂತವೈದ್ಯರ ಹತ್ತಿರ ಸುಮ್ನೆ ಯಾಕೆ ಹೋಗಬೇಕು? ಇನ್ನೊಂದು, ಹಳೆಯ ಸೆಟ್ ಅನ್ನು ಎತ್ತಿಡಬಹುದೇ?

ಉತ್ತರ: ಹನ್ನೆರಡು ವರ್ಷ ಜೋಪಾನ ಮಾಡಿದ್ದೀರಿ, ಸಂತೋಷ. ಆದರೆ ಇಷ್ಟು ವರ್ಷದಲ್ಲಿ ಅಕ್ರಿಲಿಕ್ ಹಲ್ಲುಗಳು ಸವೆದಿರುತ್ತವೆ, ದವಡೆ ತಗ್ಗಿರುತ್ತದೆ. ಬಾಯಿ ಮುಚ್ಚಿದಾಗ ಗಲ್ಲ ಮೂಗಿಗೆ ಹತ್ತಿರ ಬಂದಂತೆ ಕಾಣುತ್ತದೆಯೇ, ಬಾಯಿಯ ಮೂಲೆಗಳು ಯಾವಾಗಲೂ ಒದ್ದೆಯಾಗಿರುತ್ತವೆಯೇ, ನೋಡಿಕೊಳ್ಳಿ. ನಿಧಾನವಾಗಿ ಆಗುವುದರಿಂದ ನಮಗೇ ಗೊತ್ತಾಗುವುದಿಲ್ಲ. ಐದು ವರ್ಷ ದಾಟಿದ ಸೆಟ್ ಅನ್ನು ಬದಲಿಸಬೇಕೇ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎಲ್ಲರಿಗೂ ಬದಲಿಸಲೇಬೇಕು ಎಂದೇನಿಲ್ಲ.

ವರ್ಷಕ್ಕೊಮ್ಮೆ ಹೋಗಬೇಕಾದದ್ದು ಸೆಟ್‌ಗಿಂತ ಬಾಯಿಗಾಗಿ. ಬಾಯಿ ಕ್ಯಾನ್ಸರ್ ಹಲ್ಲಿಲ್ಲದವರಿಗೂ ಬರುತ್ತದೆ, ಶುರುವಿನಲ್ಲಿ ನೋವು ಇಲ್ಲದೇ ಇರಬಹುದು. ನಾಲಿಗೆಯ ಪಕ್ಕ, ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ, ಅಂಗುಳ ಎಲ್ಲವನ್ನೂ ನೋಡುತ್ತೇವೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ "ಸೆಟ್ ಒತ್ತಿರಬೇಕು" ಎಂದು ಕಾಯಬೇಡಿ. ಅದೇ ವಾರ ತೋರಿಸಿ.

ಹಳೆಯ ಸೆಟ್ ಎತ್ತಿಡಿ, ಖಂಡಿತ. ಹೊಸದನ್ನು ರಿಪೇರಿಗೆ ಕೊಟ್ಟ ದಿನ ನೆರವಿಗೆ ಬರುತ್ತದೆ. ಆ ಒಂದೆರಡು ದಿನಕ್ಕೆ ಮಾತ್ರ. ಅಕ್ರಿಲಿಕ್ ಸ್ವಲ್ಪ ನೀರು ಹೀರಿಕೊಂಡೇ ತನ್ನ ಆಕಾರ ಉಳಿಸಿಕೊಂಡಿರುತ್ತದೆ, ಒಣಗಿದರೆ ಬದಲಾಗಬಹುದು. ಹಾಗಾಗಿ ಮುಚ್ಚಳವಿರುವ ಡಬ್ಬಿಯಲ್ಲಿ, ಪೂರ್ತಿ ಮುಳುಗುವಷ್ಟು ತಣ್ಣೀರಿನಲ್ಲಿಡಿ. ನಾಯಿಗೂ ಪುಟ್ಟ ಮಕ್ಕಳಿಗೂ ಎಟುಕದ ಕಡೆ ಇರಲಿ. ನಾಯಿಗಳು ಸೆಟ್ ಕಂಡರೆ ಬಿಡುವುದಿಲ್ಲ. ಡಬ್ಬಿಯ ನೀರನ್ನು ದಿನಾ ಬದಲಿಸಿ, ಡಬ್ಬಿಯನ್ನೂ ಸೋಪು ಹಾಕಿ ತೊಳೆಯಿರಿ.